ಹಳೇ ಪದ್ಮಿನಿಯೊಳಗೆ ಬಿಸಿ: ಮೊದಲು ದಾರಿ ಹುಡುಕಿ, ಆಮೇಲೆ ಹೊದಿಕೆ ಹಾಕಿ

ಇವತ್ತಿನ ವಿಷಯ ಕೋಡ್ ಅಲ್ಲ, ಕಾರು. ಅಪ್ಪ ಓಡಿಸ್ತಿದ್ದ ಪ್ರೀಮಿಯರ್ ಪದ್ಮಿನಿನೋ ಅಂಬಾಸಿಡರ್ರೋ ಊರಿಂದ ಹೈದರಾಬಾದಿಗೆ ತಂದಿಟ್ಕೊಂಡಿರೋರು ನಮ್ಮಲ್ಲಿ ಕೆಲವರಿದ್ದೀರಿ. ನನ್ನದೂ ಪದ್ಮಿನಿನೇ. ಮೇ ತಿಂಗಳಲ್ಲಿ ಸಂಜೆ ಸೈಬರ್ ಟವರ್ಸ್ ದಾಟೋಷ್ಟರಲ್ಲಿ ಕಾಲು ಸುಡೋಕೆ ಶುರು. ಅಮ್ಮ ಚಪ್ಪಲಿ ಬಿಟ್ಟು ಕೂರೋ ಹಾಗಿಲ್ಲ. "ಎಸಿ ಇಲ್ದಿರೋ ಹಳೇ ಗಾಡಿ, ಇಷ್ಟೇ" ಅಂತ ಗುಜರಿಗೆ ಹಾಕೋರೂ ಇದ್ದಾರೆ. ಇಷ್ಟೇ ಅಲ್ಲ ಅನ್ನೋದನ್ನ ಹೇಳೋಕೇ ಈ ವಿಡಿಯೋ.

ಮೊದಲು ಬಿಸಿ ಎಲ್ಲಿಂದ ಬರುತ್ತೆ ನೋಡೋಣ. ಹಳೇ ಎಂಜಿನ್‌ನಲ್ಲಿ ಪೆಟ್ರೋಲಿನ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೋಗುತ್ತೆ. ಹೆಚ್ಚಿನದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ. ಪದ್ಮಿನಿಯಲ್ಲಿ 1089 ಸಿಸಿ ಎಂಜಿನ್ ಮುಂದೆ, ಗಾಡಿ ತಳ್ಳೋದು ಹಿಂದಿನ ಚಕ್ರ. ಹಾಗಾಗಿ ಗೇರ್‌ಬಾಕ್ಸ್ ನಿಮ್ಮ ಕಾಲ ಪಕ್ಕದ ಉಬ್ಬಿನ ಕೆಳಗೇ ಇರುತ್ತೆ, ಸೈಲೆನ್ಸರ್ ಪೈಪು ಫ್ಲೋರ್ ಕೆಳಗೆ ಹಾದುಹೋಗುತ್ತೆ. ಇನ್ನು ಮೇಲಿಂದ ಬಿಸಿಲು. ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್. ಅಂದ್ರೆ ಟಾಪ್ ಮೇಲೆ ಒಂದು ಇಸ್ತ್ರಿಪೆಟ್ಟಿಗೆ ಉರೀತಾ ಇದೆ ಅನ್ಕೊಳ್ಳಿ.

ಇವೆರಡರಲ್ಲಿ ನಿಮ್ಮ ಸಮಸ್ಯೆ ಯಾವುದು? ಸುಲಭದ ಪರೀಕ್ಷೆ: ರಾತ್ರಿ ಹತ್ತು ಗಂಟೆಗೆ ಅರ್ಧ ಗಂಟೆ ಓಡಿಸಿ. ಆಗಲೂ ಕಾಲು ಸುಟ್ರೆ ತಪ್ಪು ಸೂರ್ಯನದ್ದಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ರೆ ಕಾರ್ಪೆಟ್ ತೆಗೆದು ಫ್ಲೋರಿನ ಬೇರೆ ಬೇರೆ ಕಡೆ ಅಳೀರಿ. ಹೊಳೆಯೋ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತೆ, ಅದಕ್ಕೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೀರಿ.

ಈಗ ಮುಖ್ಯ ವಿಷಯ. ಎಂಜಿನ್‌ಗೂ ನಿಮ್ಮ ಕಾಲಿಗೂ ನಡುವಿನ ತಗಡಿನ ಗೋಡೆಗೆ ಫೈರ್‌ವಾಲ್ ಅಂತಾರೆ. ನಮ್ಮ ಆಫೀಸಿನ ಫೈರ್‌ವಾಲ್‌ಗೆ ಹೆಸರು ಬಂದಿದ್ದು ಇಂಥ ಗೋಡೆಗಳಿಂದಲೇ, ಇಲ್ಲೂ ಸಮಸ್ಯೆ ತೆರೆದ ಪೋರ್ಟ್‌ಗಳದ್ದೇ. ವೈರ್, ಸ್ಟೀರಿಂಗ್ ಕಾಲಮ್, ಪೆಡಲ್, ಕೇಬಲ್ ಹಾಯೋ ತೂತುಗಳ ರಬ್ಬರ್ ಮೂವತ್ತು ವರ್ಷದಲ್ಲಿ ಒಣಗಿ ಉದುರಿರುತ್ತೆ. ಎಂಜಿನ್ ಆಫ್ ಮಾಡಿ, ಕತ್ತಲಲ್ಲಿ ಬಾನೆಟ್ ಒಳಗೆ ಜೋರಾದ ಟಾರ್ಚ್ ಇಟ್ಟು, ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ನೋಡಿ. ಎಲ್ಲೆಲ್ಲಿ ಬೆಳಕು ಕಾಣುತ್ತೋ ಅಲ್ಲೆಲ್ಲ ಬಿಸಿಗಾಳಿ ಬರ್ತಿದೆ.

ಬರೀ ಬಿಸಿಗಾಳಿ ಆಗಿದ್ರೆ ಸಹಿಸ್ಕೋಬಹುದಿತ್ತು. ಸೈಲೆನ್ಸರ್ ಜಾಯಿಂಟೋ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟೋ ಸೋರ್ತಿದ್ರೆ ಅದೇ ತೂತಿನಿಂದ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು, ಮಂಪರು ಬಂದಾಗ "ಬಿಸಿಲಿಗೆ ಹೀಗಾಯ್ತು" ಅನ್ಕೋತೀವಿ. ಗಾಡಿಯಲ್ಲಿ ಕೂತಾಗ ಅಪ್ಪ ಅಮ್ಮನಿಗೆ ತಲೆನೋವು ಬಂದು, ಇಳಿದ ಮೇಲೆ ಹೋಗ್ತಿದ್ರೆ ಅದನ್ನ ಬಿಸಿಲಿನ ಲೆಕ್ಕಕ್ಕೆ ಹಾಕಬೇಡಿ. ಗಾಡಿ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ. ಜಾಯಿಂಟ್ ಸುತ್ತ ಕಪ್ಪು ಮಸಿ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದಾಗ ಫುಸ್ ಫುಸ್ ಸದ್ದು, ಇವು ಸೋರಿಕೆಯ ಗುರುತು. ಈ ಪರೀಕ್ಷೆ ಬಯಲಲ್ಲಿ ಮಾಡಿ. ಅಪಾರ್ಟ್‌ಮೆಂಟ್ ಸೆಲ್ಲಾರ್‌ನಲ್ಲಿ ಎಂಜಿನ್ ಓಡಿಸಿ ನೋಡೋದು ಬೇಡವೇ ಬೇಡ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ.

ಒಂದು, ಸೋರಿಕೆ ಸರಿ ಮಾಡಿಸಿ. ಜೊತೆಗೇ ಇಗ್ನಿಷನ್ ಟೈಮಿಂಗ್ ನೋಡಿಸಿ. ಪ್ಲಾಟಿನಂ ಪಾಯಿಂಟ್ ಸವೆದಂತೆ ಗ್ಯಾಪ್ ಕಮ್ಮಿಯಾಗಿ ಕಿಡಿ ತಡವಾಗುತ್ತೆ. ತಡವಾಗಿ ಉರಿದ ಪೆಟ್ರೋಲು ಸೈಲೆನ್ಸರನ್ನ ಇನ್ನಷ್ಟು ಕಾಯಿಸುತ್ತೆ. ಕಡಿಮೆ ಖರ್ಚಿನ ಕೆಲಸ, ಬಿಸಿಯ ಬುಡಕ್ಕೇ ಕೈ ಹಾಕಿದ ಹಾಗೆ.

ಎರಡು, ತೂತುಗಳಿಗೆ ಹೊಸ ರಬ್ಬರ್ ಗ್ರಾಮೆಟ್ ಹಾಕಿಸಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ವಿಚಾರಿಸಿ. ಪದ್ಮಿನಿಯದ್ದೇ ಸಿಗದಿದ್ರೆ ಅಳತೆ ಹೊಂದೋದು ಸಾಕು.

ಮೂರು, ಸೈಲೆನ್ಸರ್ ಪೈಪಿಗೂ ಫ್ಲೋರಿಗೂ ನಡುವೆ ಅಲ್ಯೂಮಿನಿಯಂ ತಗಡು. ಫ್ಲೋರಿಗೆ ಅಂಟಿಸಬೇಡಿ, ಒಂದೆರಡು ಸೆಂಟಿಮೀಟರ್ ಸಂದು ಬಿಟ್ಟು ಬೋಲ್ಟ್ ಹಾಕಿಸಿ. ತಗಡು ಶಾಖವನ್ನ ವಾಪಸ್ ಕಳಿಸುತ್ತೆ, ಉಳಿದದ್ದನ್ನ ಸಂದಿನ ಗಾಳಿ ಹೊತ್ತುಕೊಂಡು ಹೋಗುತ್ತೆ. ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳಿಗೆ ತಾಗಬಾರದು.

ನಾಲ್ಕು, ಒಳಗಿನ ಹೊದಿಕೆ. ಅಂಗಡಿಯವರು ಮೊದಲು ತೋರಿಸೋ ಕಪ್ಪು ಡ್ಯಾಂಪಿಂಗ್ ಶೀಟ್ ಸದ್ದು ಕಮ್ಮಿ ಮಾಡುತ್ತೆ, ಶಾಖಕ್ಕೆ ಅದೊಂದೇ ಸಾಲಲ್ಲ. ಎಸಿ ಪೈಪಿಗೆ ಸುತ್ತೋ ನೈಟ್ರೈಲ್ ರಬ್ಬರ್ ಶೀಟ್ ಕೇಳಿ, ಬೆಂಕಿ ಹರಡದ ದರ್ಜೆಯದ್ದು. ಅದು ನೀರು ಹೀರಲ್ಲ. ಸೆಣಬಿನ ಫೆಲ್ಟ್ ಹಾಕಿದ್ರೆ ಮಳೆಗಾಲದಲ್ಲಿ ನೀರು ಕುಡಿದು ಫ್ಲೋರಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಇದ್ರೆ ಮೊದಲು ಅದನ್ನ ಕೆರೆಸಿ, ಬಣ್ಣ ಹೊಡೆಸಿ, ಆಮೇಲೆ ಹೊದಿಕೆ.

ಐದು, ಬಿಸಿಲು. ಟಾಪ್‌ನ ಒಳಬಟ್ಟೆ ಬದಲಿಸುವಾಗ ಅದೇ ಶೀಟ್ ಅಲ್ಲಿಗೂ ಹಾಕಿಸಿ. ಬಣ್ಣ ಹೊಡೆಸೋದಿದ್ರೆ ಬಿಳಿಯೋ ಕೆನೆಬಣ್ಣವೋ ಇರಲಿ. ಕಪ್ಪು ಫಿಲ್ಮ್ ಬೇಡ. ಹಿಂದಿನ ಮತ್ತು ಮುಂದಿನ ಗಾಜಲ್ಲಿ ಕನಿಷ್ಠ 70%, ಪಕ್ಕದ ಗಾಜಲ್ಲಿ 50% ಬೆಳಕು ಹಾಯಲೇಬೇಕು ಅನ್ನೋದು ನಿಯಮ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಸನ್‌ಶೇಡ್ ಸಾಕು. ಓಡುವಾಗ ಮುಂದಿನ ಬಾಗಿಲ ತ್ರಿಕೋನ ಗಾಜನ್ನ ಪೂರ್ತಿ ತಿರುಗಿಸಿ, ಗಾಳಿ ನೇರ ಮೈಗೆ ಬೀಳುತ್ತೆ. ಹಳಬರು ಅದನ್ನ ಸುಮ್ನೆ ಇಟ್ಟಿರಲಿಲ್ಲ.

ಇಷ್ಟು ಮಾಡಿದ್ರೆ ಪದ್ಮಿನಿ ಎಸಿ ಕಾರಾಗಲ್ಲ. ಮೇ ಮಧ್ಯಾಹ್ನ ಸೆಖೆ ಇದ್ದೇ ಇರುತ್ತೆ. ಆದ್ರೆ ಕಾಲು ಸುಡಲ್ಲ, ಒಳಗಿನ ಗಾಳಿಗೆ ಹೆದರಬೇಕಿಲ್ಲ. ಎಲ್ಲ ಒಟ್ಟಿಗೆ ಬೇಡ, ಈ ಭಾನುವಾರ ಟಾರ್ಚ್ ಪರೀಕ್ಷೆ ಒಂದೇ ಮಾಡಿ. ಎಷ್ಟು ಕಡೆ ಬೆಳಕು ಕಂಡಿತು ಅಂತ ನನಗೂ ತಿಳಿಸಿ.