ಮನೆಯ ಸಣ್ಣ ಬೆರಕೆ ನಾಯಿ



ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 950ರ ಸುಮಾರಿನ ಶಿಲಾಶಾಸನವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕಾಳಿ ಎಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದ ಸಂಗತಿಯನ್ನು ಅದು ತಿಳಿಸುತ್ತದೆ. ನಾವು ಈಗ ಹೇಳಹೊರಟಿರುವುದು ಅಂತಹ ಶೂರನಾಯಿಯ ವಿಷಯವನ್ನಲ್ಲ. ಊರಹಂದಿಯನ್ನು ದೂರದಿಂದ ಕಂಡರೂ ನಮ್ಮ ಪಂಚೆಯ ಮರೆಗೆ ಓಡಿಬರುವ, 6 ಕಿಲೋ ತೂಕದ, ಕುಲಗೋತ್ರಗಳಿಲ್ಲದ ಒಂದು ಮನೆನಾಯಿಯ ವಿಷಯವನ್ನು.

ಇದರ ತಾಯಿ, ನಮ್ಮ ಊರುಗಳಲ್ಲಿ ಪಾಮರೇನಿಯನ್ ಎಂದು ಕರೆಯುವ ಬಿಳಿಯ ಸ್ಪಿಟ್ಜ್ ಜಾತಿಯದು. ತಂದೆ ಯಾರೆಂಬುದನ್ನು ಬೀದಿಯೇ ಹೇಳಬೇಕು. ಇಂತಹ ನಾಯಿಗಳನ್ನು ಜನರು 'ಕಂತ್ರಿ' ಎಂದು ಹಳಿಯುವುದುಂಟು. ದೇಶದ್ದು ಎಂಬ ಅರ್ಥದ ಇಂಗ್ಲಿಷ್ ಮಾತೊಂದು ನಮ್ಮಲ್ಲಿ ಬೈಗುಳಾದುದು ಸೋಜಿಗವೇ ಸರಿ.

ರೂಪವನ್ನು ನೋಡಿ ಬೆರಕೆ ನಾಯಿಯ ವಂಶವನ್ನು ಊಹಿಸುವುದು ಬಂಧುಮಿತ್ರರಿಗೆಲ್ಲ ಪ್ರಿಯವಾದ ವಿನೋದ. ಅದರಲ್ಲಿ ನಮಗೆ ನಂಬಿಕೆಯಿಲ್ಲ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಕಾಕರ್ ಸ್ಪ್ಯಾನಿಯಲ್ ಮತ್ತು ಬಸೆಂಜಿ ಜಾತಿಗಳನ್ನು ಬೆರಸಿ ಮರಿಮಾಡಿಸಿದರು. 1965ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಮರಿಗಳ ವಿವರವಿದೆ. ಅವುಗಳಲ್ಲಿ ಅನೇಕವು ಎರಡು ಜಾತಿಗಳನ್ನೂ ಹೋಲಲಿಲ್ಲ. ಕುಳ್ಳತನದ ಮಾತು ಬೇರೆ: ಸಣ್ಣ ಜಾತಿಗಳ ಗಾತ್ರಕ್ಕೆ ಮುಖ್ಯ ಕಾರಣಗಳಲ್ಲೊಂದು ಒಂದೇ ಒಂದು ಜೀನಿನ ವ್ಯತ್ಯಾಸವೆಂದು 2007ರಲ್ಲಿ ತಿಳಿದುಬಂದಿತು. ಬೆರಕೆಯವು ರೋಗವನ್ನೇ ಅರಿಯವು ಎಂಬ ಮಾತೂ ಅರ್ಧಸತ್ಯ. ತಂದೆತಾಯಿಗಳಿಬ್ಬರಲ್ಲೂ ಒಂದೇ ದೋಷವಿದ್ದರೆ ಬೆರಕೆಯಿಂದ ಏನು ಲಾಭ? ಮಂಡಿಚಿಪ್ಪು ಜಾರುವುದು, ಚಿಕ್ಕ ದವಡೆಯಲ್ಲಿ ಹಲ್ಲುಗಳು ಇಕ್ಕಟ್ಟಾಗಿ ಕೆಡುವುದು, ಇವು ಸಣ್ಣ ನಾಯಿಗಳಿಗೆ ತಪ್ಪಿದವಲ್ಲ.

ಹುಟ್ಟಿದ 3ನೆಯ ವಾರದಿಂದ 12ನೆಯ ವಾರದವರೆಗಿನ ಕಾಲವೇ ಮರಿಯ ಸ್ವಭಾವಕ್ಕೆ ತಳಹದಿ. ಆಗ ಮಕ್ಕಳನ್ನು, ಅಪರಿಚಿತರನ್ನು, ಕುಕ್ಕರಿನ ಸೀಟಿಯನ್ನು ಅಂಜದೆ ಕಂಡ ಮರಿ ಮುಂದೆಯೂ ಅಂಜದು. ನಮ್ಮದು ಆ ವಾರಗಳನ್ನು ಒಂದು ಕತ್ತಲೆಯ ಗೂಡಂಗಡಿಯ ಕೆಳಗೆ ಕಳೆದಿತ್ತು. ಇಂದಿಗೂ ಛತ್ರಿ ಬಿಚ್ಚಿದರೆ ಬೊಗಳುತ್ತದೆ.

ಬೇಸಗೆಯಲ್ಲಿ ಇದರ ಕೂದಲನ್ನು ಬೋಳಿಸಿರೆಂದು ನೆರೆಯವರು ಹೇಳುವುದುಂಟು, ಬೋಳಿಸಕೂಡದು. ಎರಡು ಪದರದ ಆ ತುಪ್ಪಟವು ಬಿಸಿಲನ್ನು ತಡೆಯುತ್ತದೆ. ವಾರಕ್ಕೆ ಮೂರು ಬಾರಿ ಬಾಚಿ, ಸತ್ತ ಒಳಗೂದಲನ್ನು ತೆಗೆದರೆ ಸಾಕು. ಬಾಚುವಾಗ ಕಿವಿಯ ಹಿಂಭಾಗವನ್ನೂ ಬೆರಳ ಸಂದುಗಳನ್ನೂ ನೋಡಿ ಉಣ್ಣೆಗಳನ್ನು ಹೆಕ್ಕತಕ್ಕದ್ದು. ಉಣ್ಣೆಯಿಂದ ಬರುವ ಜ್ವರ ಪ್ರಾಣಾಂತಿಕವಾಗಬಲ್ಲುದು. ಸಣ್ಣ ನಾಯಿಯ ಉಸಿರ್ನಾಳ ಮೃದು. ಕೊರಳ ಪಟ್ಟಿಗಿಂತ ಎದೆಗೆ ಕಟ್ಟುವ ಪಟ್ಟಿ ಲೇಸು. ಹುಚ್ಚುನಾಯಿರೋಗದ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ವೈದ್ಯರು ಹೇಳಿದಂತೆ ಮರಳಿ ಮರಳಿ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಕೂಡಲೆ ಸೋಪು ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಇದರಲ್ಲಿ ನಾಚಿಕೆ, ದಾಕ್ಷಿಣ್ಯಗಳು ಸಲ್ಲವು.

ಆಹಾರದ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ತಪ್ಪಿದವರು ನಾವೇ. ಒಂದು ಹಬ್ಬದ ಮಧ್ಯಾಹ್ನ ಮನೆಯ ಹುಡುಗನು ಪಾಯಸದ ದ್ರಾಕ್ಷಿಗಳನ್ನು ಆರಿಸಿ ಆರಿಸಿ ನಾಯಿಗೆ ಕೊಟ್ಟನು. ನಾವು ನೋಡಿಯೂ ನಕ್ಕು ಸುಮ್ಮನಾದೆವು. ಸಂಜೆಗೆ ವಾಂತಿಯಾಯಿತು. ಅಜೀರ್ಣವೆಂದು ಬಗೆದು ಇಂಗಿನ ಮಜ್ಜಿಗೆ ಕುಡಿಸಿದೆವು. ಬೆಳಗ್ಗೆ ಅದು ಏಳಲಿಲ್ಲ. ಮೂತ್ರವೂ ಬಲು ಕಡಿಮೆಯಾಗಿತ್ತು. ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ, ಮೂತ್ರಪಿಂಡಗಳು ಸೋಲುತ್ತಿವೆಯೆಂದರು. ದ್ರಾಕ್ಷಿ ತಿಂದೊಡನೆ ಕರೆತಂದಿದ್ದರೆ ವಾಂತಿ ಮಾಡಿಸಿ ವಿಷವನ್ನು ಹೊರಹಾಕಬಹುದಾಗಿತ್ತು. ಮೂರು ದಿನ ನರಕ್ಕೆ ದ್ರವವನ್ನು ಏರಿಸಿದರು. ಹುಡುಗನು ಆ ಮೂರು ದಿನ ಸಿಹಿ ಮುಟ್ಟಲಿಲ್ಲ. ಅವನಿಗೆ ಮುಖ ತೋರಿಸುವುದು ನಮಗೇ ಕಷ್ಟವಾಗಿತ್ತು. ನಾಲ್ಕನೆಯ ದಿನ ನಾಯಿ ಬಾಲವಾಡಿಸಿತು.

ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಅದೇ ಆಮ್ಲವು ಹುಣಿಸೆಹಣ್ಣಿನಲ್ಲಿಯೂ ಯಥೇಚ್ಛವಾಗಿದೆ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಹಾಗಾಗಿ ಸಾರನ್ನ, ಹುಳಿಯನ್ನಗಳ ಶೇಷವನ್ನು ನಾಯಿಗೆ ಸುರಿಯುವ ನಮ್ಮ ಹಳೆಯ ಪದ್ಧತಿ ನಿಲ್ಲಬೇಕು. ಅದರಲ್ಲೂ 6 ಕಿಲೋ ದೇಹಕ್ಕೆ ಅಲ್ಪವೂ ಅಧಿಕವೇ. ಉಪ್ಪುಖಾರವಿಲ್ಲದೆ ಬೇಯಿಸಿದ ಮೊಟ್ಟೆ ಅಥವಾ ಮಾಂಸ, ಸ್ವಲ್ಪ ಅನ್ನ, ಕುಂಬಳಕಾಯಿ, ಇವುಗಳ ಪ್ರಮಾಣವನ್ನು ವೈದ್ಯರಿಂದ ಕೇಳಿಕೊಂಡು ದಿನಕ್ಕೆ ಎರಡು ಹೊತ್ತು ಕೊಡುತ್ತೇವೆ.

ಈಗ ಹಬ್ಬದ ದಿನ ಪಂಕ್ತಿ ಏಳುವವರೆಗೆ ಅದನ್ನು ಹಿತ್ತಲ ಕೋಣೆಯಲ್ಲಿ ಇರಿಸುತ್ತೇವೆ. ಅದು ಬಾಗಿಲನ್ನು ಕೆರೆಯುತ್ತದೆ. ಹುಡುಗನು ಎಲೆಯ ಮುಂದೆ ಕುಳಿತು ನಮ್ಮ ಮುಖ ನೋಡುತ್ತಾನೆ. ಆದರೆ ಎದ್ದು ಹೋಗಿ ತೆರೆಯುವುದಿಲ್ಲ.