ಚೆಂಡು ಹೂವಿನ ಹಳದಿ



ಆಯುಧಪೂಜೆಯಂದು ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ಮಾಲೆ ಬಿಸಿಲಿಗೆ ಒಣಗುತ್ತ ಬಣ್ಣಗೆಡುವುದನ್ನು ನೀವೆಲ್ಲ ಕಂಡಿದ್ದೀರಿ. ಮೆಕ್ಸಿಕೋ ಸೀಮೆಯಿಂದ ಬಂದು ನಮ್ಮ ಹಬ್ಬಗಳನ್ನು ಸೇರಿಕೊಂಡ ಈ ಹೂವಿನ ಹಳದಿಗೆ ಮುಖ್ಯ ಕಾರಣ ಲ್ಯೂಟಿನ್ ಎಂಬ ವರ್ಣದ್ರವ್ಯ. ಗಾಳಿಯ ಆಮ್ಲಜನಕಕ್ಕೂ ಬೆಳಕಿಗೂ ತಾನೇ ಮೈಯೊಡ್ಡಿ ಅದು ಬಣ್ಣ ಕಳೆದುಕೊಳ್ಳುತ್ತದೆ. ಅದರ ಗುಣವಿರುವುದೂ ಅಲ್ಲಿಯೇ.

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಹಳೆಯ ಎಣ್ಣೆ ಕಮಟಾಗುವುದು, ಎರಡೂ ಉತ್ಕರ್ಷಣದ ಫಲ. ನಮ್ಮ ಜೀವಕೋಶಗಳಲ್ಲಿಯೂ ಇದು ಎಡೆಬಿಡದೆ ನಡೆಯುತ್ತಿದೆ. ಉಸಿರಾಟದ ಬೆನ್ನಿಗೇ ಹುಟ್ಟುವ ಕೆಲವು ಅಣುಗಳು ತಮಗೆ ಸಾಲದ ಒಂದು ಎಲೆಕ್ಟ್ರಾನನ್ನು ನೆರೆಯ ಅಣುವಿನಿಂದ ಕಸಿದುಕೊಳ್ಳುತ್ತವೆ. ಕಳೆದುಕೊಂಡದ್ದು ಮತ್ತೊಂದರ ಮೇಲೆ ಬೀಳುತ್ತದೆ. ಈ ಸರಪಳಿಯನ್ನು ಕಡಿಯಬಲ್ಲ ವಸ್ತುವೇ ಉತ್ಕರ್ಷಣ ನಿರೋಧಕ. ಹಸಿರೆಲೆಯನ್ನು ಅತಿಯಾದ ಬಿಸಿಲಿನಿಂದ ಕಾಯುವ ಲ್ಯೂಟಿನ್ ನಮ್ಮ ಅಕ್ಷಿಪಟಲದ ನಡುವೆಯೂ ನೆಲೆಸಿದೆ. ದೇಹ ಅದನ್ನು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು.

ಗುಂಡ್ಲುಪೇಟೆಯ ಸುತ್ತಿನ ಹೊಲಗಳಲ್ಲಿ ಅರಳುವ ಚೆಂಡು ಹೂವು ದೇವರ ಮುಡಿಗಷ್ಟೇ ಅಲ್ಲ, ಕಾರ್ಖಾನೆಗೂ ಹೋಗುತ್ತದೆ. ಅಲ್ಲಿ ದಳಗಳನ್ನು ಹುದುಗು ಬರಿಸಿ, ಒಣಗಿಸಿ, ಹೆಕ್ಸೇನ್ ಎಂಬ ದ್ರಾವಕದಿಂದ ಸಾರವನ್ನು ತೆಗೆಯುತ್ತಾರೆ. ಕೋಳಿಯ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಹಳದಿಗೆ ಮೆರುಗು. ಶುದ್ಧಗೊಳಿಸಿದರೆ ಕಣ್ಣಿನ ಮಾತ್ರೆ.

ಆದರೆ ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಗೆದ್ದ ಸಾರ ದೇಹದಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರನ್ನು ಒಂದು ಪರೀಕ್ಷೆಗೆ ಆರಿಸಿ, ಅವರಲ್ಲಿ ಅರ್ಧದಷ್ಟು ಮಂದಿಗೆ ಲ್ಯೂಟಿನ್ನಿನ ದಾಯಾದಿಯಾದ ಬೀಟಾ ಕೆರೊಟೀನನ್ನು ವರ್ಷಗಟ್ಟಲೆ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ತಗ್ಗೀತೆಂಬುದು ನಿರೀಕ್ಷೆ. 1994ರಲ್ಲಿ ಫಲಿತಾಂಶ ಹೊರಬಂದಾಗ, ಅದನ್ನು ಸೇವಿಸಿದವರಲ್ಲಿಯೇ ಆ ರೋಗ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಕ್ಷಿಪಟಲ ಸವೆಯುವ ಮುಪ್ಪಿನ ರೋಗಕ್ಕೆ ಕೊಡುವ ಮಾತ್ರೆಯಲ್ಲಿ ಬೀಟಾ ಕೆರೊಟೀನಿನ ಬದಲು ಲ್ಯೂಟಿನ್ ಇರುವುದು ಮೇಲೆಂದು 2013ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. ಅದು ಕೂಡ ಆ ರೋಗಿಗಳಿಗೆ ಸಲ್ಲುವ ಮಾತು, ಆರೋಗ್ಯವಂತರಿಗೆಲ್ಲ ಹೇಳಿದ್ದಲ್ಲ.

ಹೂವಿನ ಹೆಸರು ಹೊತ್ತ ಮಾತ್ರಕ್ಕೆ ಮಾತ್ರೆ ನಿರಪಾಯಕರವಾಗುವುದಿಲ್ಲ. ಅದರ ಅಗತ್ಯವನ್ನು ವೈದ್ಯರು ನಿರ್ಧರಿಸಲಿ. ಇದೇ ಲ್ಯೂಟಿನ್ ಪಾಲಕ್ ಮೊದಲಾದ ಸೊಪ್ಪುಗಳಲ್ಲಿ ಧಾರಾಳವಾಗಿದೆ. ಮಾಲೆ ಬಾಗಿಲಲ್ಲಿರಲಿ, ಸೊಪ್ಪಿನ ಹುಳಿ ದಿನವೂ ಎಲೆಯಲ್ಲಿರಲಿ.