ಕೌಡೂರಿನ ನ್ಯಾಯಮೂರ್ತಿಯಿಂದ ನಾವು ಕಲಿಯಬೇಕಾದುದು



ನಾವಿಂದು ಸೇರಿರುವ ಈ ಕಾರ್ಕಳದ ಮಣ್ಣು ದೇಶಕ್ಕೆ ಒಬ್ಬ ನಿರ್ಭೀತ ನ್ಯಾಯಮೂರ್ತಿಯನ್ನು ಕೊಟ್ಟಿದೆ. ಅವರೇ ಕೌಡೂರು ಸದಾನಂದ ಹೆಗ್ಡೆ. 1909ರಲ್ಲಿ ಅವರು ಜನಿಸಿದಾಗ ಈ ತಾಲೂಕು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಬ್ರಿಟಿಷರ ಆಳ್ವಿಕೆಯಲ್ಲೇ ಕಾನೂನು ಕಲಿತು ವಕೀಲರಾದ ಅವರು ಕಾಂಗ್ರೆಸ್ಸನ್ನು ಸೇರಿದರು. 1952ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. 1957ರಲ್ಲಿ ಆ ಸ್ಥಾನವನ್ನು ತೊರೆದು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ಸ್ಥಾಪನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ ಅವರೇ. ಮರುವರ್ಷ ಸುಪ್ರೀಂ ಕೋರ್ಟಿಗೆ ನೇಮಕಗೊಂಡರು.

ಅವರ ಬದುಕಿನ ನಿಜವಾದ ಪರೀಕ್ಷೆ ಎದುರಾದುದು 1973ರಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. ಆ ಪ್ರಕರಣದಲ್ಲಿ ದೊಡ್ಡದೊಂದು ಪ್ರಶ್ನೆ ಎದ್ದಿತು: ಬಹುಮತವಿದ್ದ ಮಾತ್ರಕ್ಕೆ ಸಂವಿಧಾನವನ್ನು ಮನಬಂದಂತೆ ತಿದ್ದಬಹುದೇ? ತಿದ್ದುಪಡಿ ಮಾಡಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲವೆಂದು 13 ಮಂದಿ ನ್ಯಾಯಮೂರ್ತಿಗಳಲ್ಲಿ 7 ಮಂದಿ ಏಪ್ರಿಲ್ 24ರಂದು ತೀರ್ಪಿತ್ತರು. ಆ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಅದರ ಬೆನ್ನಿಗೇ ಸರಕಾರವು ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ಕಡೆಗಣಿಸಿ ಎ.ಎನ್. ರೇಯವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿತು. ಮೂವರೂ ರಾಜೀನಾಮೆಯಿತ್ತು ಹೊರನಡೆದರು.

ಆ ತೀರ್ಪಿನಿಂದ ನಮಗೇನು ದೊರೆಯಿತು? ಜಾತ್ಯತೀತತೆಯು ಸಂವಿಧಾನದ ಮೂಲ ಸ್ವರೂಪದ ಭಾಗವೆಂದು 1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾರಿದ್ದು ಇದೇ ತಳಹದಿಯ ಮೇಲೆ. ಅಲ್ಪಸಂಖ್ಯಾತರಾದ ನಾವು ಇಂದಿಗೂ ಅದರ ನೆರಳಿನಲ್ಲಿದ್ದೇವೆ.

ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಗಳಿಗೆ ಬುನಾದಿ ಹಾಕಿದರು. 1980ರ ದಶಕದಲ್ಲಿ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರೂ ಆಗಿದ್ದರು. 1990ರಲ್ಲಿ ನಿಧನರಾದರು. ಅಂಥವರ ಗುಣಗಾನ ನಮ್ಮ ವೇದಿಕೆಯಲ್ಲೇಕೆ ಎಂದು ಕೆಲವರು ಕೇಳಬಹುದು. ಆ ಪಕ್ಷದ ರಾಜಕೀಯವನ್ನು ನಾವು ಒಪ್ಪುವುದಿಲ್ಲ. ಆದರೆ ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ನಮಗೆ ನ್ಯಾಯ ಬೇಕೆನ್ನುವ ನಾವು ಇತರರನ್ನು ತೂಗುವಾಗ ಬೇರೆ ತಕ್ಕಡಿ ಹಿಡಿಯುವುದು ಸಲ್ಲದು.

ಇನ್ನೊಂದು ಮಾತು. 2022ರಲ್ಲಿ ಉಡುಪಿಯ ಕಾಲೇಜು ವಿದ್ಯಾರ್ಥಿನಿಯರ ಶಿರವಸ್ತ್ರದ ಪ್ರಶ್ನೆ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅಂದು ನಮ್ಮಲ್ಲಿ ಆಕ್ರೋಶಕ್ಕೆ ಕೊರತೆಯಿರಲಿಲ್ಲ. ಆದರೆ ಆ ತೀರ್ಪುಗಳನ್ನು ಓದಿ ಅರ್ಥೈಸಬಲ್ಲವರು ನಮ್ಮ ಒಂದೊಂದು ಜಮಾಅತ್‌ನಲ್ಲಿ ಎಷ್ಟು ಮಂದಿಯಿದ್ದರು? ಮಣಿಪಾಲದ ಮೆಡಿಕಲ್ ಸೀಟಿಗೂ ಗಲ್ಫಿನ ವೀಸಾಕ್ಕೂ ಓಡಾಡುವ ನಾವು ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜಿನ ಬಾಗಿಲನ್ನು ಎಷ್ಟು ಸಲ ತಟ್ಟಿದ್ದೇವೆ? ಕಾಪುವಿನ, ಕಾರ್ಕಳದ ಪ್ರತಿ ಜಮಾಅತ್‌ನಿಂದ ವರ್ಷಕ್ಕೊಬ್ಬ ಹುಡುಗನೋ ಹುಡುಗಿಯೋ ಕಾನೂನು ಕಲಿಯಲಿ. ಅವರ ಶುಲ್ಕದ ಹೊಣೆಯನ್ನು ಜಮಾಅತ್ ಹೊರಲಿ.

ಕೌಡೂರಿನಂಥ ಹಳ್ಳಿಯಿಂದ ಹೊರಟವರು ಸುಪ್ರೀಂ ಕೋರ್ಟಿನ ಪೀಠವನ್ನೇರಿದರು, ಸಮಯ ಬಂದಾಗ ಆ ಪೀಠವನ್ನು ಬಿಟ್ಟಿಳಿದರು. ಏರುವ ಅರ್ಹತೆಯನ್ನೂ ಇಳಿಯುವ ಧೈರ್ಯವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.